ಪ್ರೋಗ್ರಾಮಿಂಗ್ ಬಿಟ್ಟು ಸಿಸ್ಟಮ್ಸ್ ಅನಲಿಸ್ಟ್ ಹುದ್ದೆಗೆ ಹೋಗಬಹುದೇ? ಪುಣೆ, ಮುಂಬಯಿ, ಗೋವೆಯ ಅನುಭವಿಗಳಲ್ಲಿ ಒಂದು ವಿಚಾರಣೆ

ಕೋಥ್ರೂಡ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವಳು. ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿ, ಹಿಂಜವಡಿಯ ಒಂದು ಕಂಪನಿಯಲ್ಲಿ ಕೆಲವು ವರ್ಷಗಳಿಂದ ಜಾವಾ ಪ್ರೋಗ್ರಾಮರ್ ಆಗಿದ್ದೇನೆ. ನಮ್ಮ ತಂಡದ್ದು ಸಂಬಳದ ಲೆಕ್ಕ ಹಾಕುವ ಪೇರೋಲ್ ತಂತ್ರಾಂಶ. ಅದೇ ತಂಡದಲ್ಲಿ ಸಿಸ್ಟಮ್ಸ್ ಅನಲಿಸ್ಟ್ ಹುದ್ದೆ ತೆರವಾಗಿದ್ದು, ಅದಕ್ಕೆ ಬರಲು ಒಪ್ಪಿಗೆಯೇ ಎಂದು ಮ್ಯಾನೇಜರ್ ಕೇಳಿದ್ದಾರೆ. ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ.

ನನ್ನ ಸಂದೇಹಗಳು ಎರಡು. ಮೊದಲನೆಯದು, ಈ ಹುದ್ದೆಯಲ್ಲಿರುವವರು ದಿನವಿಡೀ ಮಾಡುವುದೇನು ಎಂಬುದು ಜೊತೆಯಲ್ಲೇ ಕೆಲಸ ಮಾಡಿದರೂ ನನಗೆ ಸರಿಯಾಗಿ ತಿಳಿದಿಲ್ಲ. ನಮ್ಮ ಕೈಗೆ ಬರುವುದು ಅವರು ಬರೆದ ದಾಖಲೆ ಮಾತ್ರ, ಆ ದಾಖಲೆ ಹೇಗೆ ಹುಟ್ಟಿತು ಎಂಬುದು ಕಾಣುವುದಿಲ್ಲ. ಎರಡನೆಯದು, ಒಮ್ಮೆ ಕೋಡ್ ಬರೆಯುವುದನ್ನು ಬಿಟ್ಟರೆ ಮತ್ತೆ ಆ ಕಡೆಗೆ ಮರಳುವುದು ಕಷ್ಟ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ಮೀಟಿಂಗ್‌ಗಳ ನಡಾವಳಿ ಬರೆಯುವ ಗುಮಾಸ್ತಿಕೆ ಅದು ಎಂಬುದು ಅವರ ಮಾತು. ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಬೇಕು.

ಠಾಣೆಯ ಲೆಕ್ಕಿಗ

ಕನ್ನಡತಿಯವರೇ, ನೀವು ಪೇರೋಲ್ ಎಂದಿರುವುದರಿಂದ ಅಲ್ಲಿಂದಲೇ ಉತ್ತರ ಆರಂಭಿಸುತ್ತೇನೆ. ನಾನು ಬಿ.ಕಾಂ. ಮಾಡಿ, ಅಕೌಂಟ್ಸ್ ವಿಭಾಗದಲ್ಲಿ ದುಡಿದು, ಅಲ್ಲಿಂದ ಈ ಕೆಲಸಕ್ಕೆ ಬಂದವನು. ನಿಮಗಿಂತ ವಿರುದ್ಧ ದಿಕ್ಕಿನಿಂದ ಬಂದೆ ಎನ್ನಬಹುದು.

ಗ್ರಾಹಕ ಕಂಪನಿಯಿಂದ ಬರುವ ಬೇಡಿಕೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ವೃತ್ತಿ ತೆರಿಗೆಯನ್ನು ನಿಯಮಾನುಸಾರ ಕಡಿತ ಮಾಡತಕ್ಕದ್ದು. ಓದಿದರೆ ಎಲ್ಲವೂ ಹೇಳಿದಂತೆ ತೋರುತ್ತದೆ, ಆದರೆ ಪ್ರೋಗ್ರಾಂ ಬರೆಯುವವರಿಗೆ ಅದರಲ್ಲಿ ಏನೂ ಇಲ್ಲ. ಮಹಾರಾಷ್ಟ್ರದಲ್ಲಿ ತಿಂಗಳಿಗೆ 10,000 ರೂಪಾಯಿ ಮೀರಿ ಸಂಬಳ ಪಡೆಯುವ ಪುರುಷ ನೌಕರನಿಂದ ತಿಂಗಳಿಗೆ 200 ರೂಪಾಯಿ ಕಡಿತವಾಗುತ್ತದೆ, ಫೆಬ್ರುವರಿಯಲ್ಲಿ ಮಾತ್ರ 300. ಸಂವಿಧಾನದ 276ನೆಯ ವಿಧಿ ಈ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿಯನ್ನು ಹಾಕಿದೆ. ಆ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ಸರಿಯಾಗಿ ಬರುವುದಿಲ್ಲವಾದ್ದರಿಂದ ಹನ್ನೊಂದು ತಿಂಗಳು ಇನ್ನೂರರಂತೆ, ಉಳಿದ ಒಂದು ತಿಂಗಳು ಮುನ್ನೂರು. 7,500ಕ್ಕಿಂತ ಹೆಚ್ಚು, 10,000ದವರೆಗಿನ ಪುರುಷರಿಗೆ 175. ಮಹಿಳೆಯರಿಗಾದರೋ 2023ರ ಏಪ್ರಿಲ್ 1ರಿಂದ ತಿಂಗಳಿಗೆ 25,000 ರೂಪಾಯಿಯವರೆಗೆ ವಿನಾಯಿತಿ ಇದೆ, ಅದಕ್ಕೆ ಮೊದಲು ಆ ಮಿತಿ 10,000 ಇತ್ತು.

ಇಷ್ಟನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಿಕೊಳ್ಳಬಹುದು. ಅನಲಿಸ್ಟ್‌ನ ಕೆಲಸ ಆರಂಭವಾಗುವುದು ಇದರ ಮುಂದೆ. ಇಪ್ಪತ್ತನಾಲ್ಕೂವರೆ ಸಾವಿರ ಸಂಬಳದ ಮಹಿಳೆಗೆ ಒಂದು ತಿಂಗಳು ಓವರ್‌ಟೈಮ್ ಸೇರಿ ಇಪ್ಪತ್ತೈದು ಸಾವಿರ ದಾಟಿತು. ಆ ಒಂದು ತಿಂಗಳು ಕಡಿತ ಮಾಡಬೇಕೇ? ಹಿಂದಿನ ಆರು ತಿಂಗಳ ಬಾಕಿ ಸಂಬಳವನ್ನು ಒಮ್ಮೆಗೇ ಕೊಟ್ಟಾಗ ಅದನ್ನು ಕೊಟ್ಟ ತಿಂಗಳಿಗೆ ಸೇರಿಸಬೇಕೇ, ಆಯಾ ತಿಂಗಳಿಗೆ ಹಂಚಬೇಕೇ? ಹಂಚುವುದಾದರೆ, ಅದರಲ್ಲಿ ಕೆಲವು ತಿಂಗಳು 2023ರ ಬದಲಾವಣೆಗೂ ಹಿಂದಿನವಾಗಿದ್ದರೆ ಯಾವ ಮಿತಿ? ಪುಣೆಯ ನೌಕರ ತಿಂಗಳ ನಡುವೆ ಬೆಂಗಳೂರಿಗೆ ವರ್ಗವಾದರೆ ಆ ತಿಂಗಳ ತೆರಿಗೆ ಯಾವ ರಾಜ್ಯಕ್ಕೆ? ಈ ಪ್ರಶ್ನೆಗಳನ್ನು ಗ್ರಾಹಕರ ಪೇರೋಲ್ ಮುಖ್ಯಸ್ಥರ ಮುಂದಿಟ್ಟಾಗ ಅವರೊಂದು ಹೇಳುತ್ತಾರೆ, ಅವರ ತೆರಿಗೆ ಸಲಹೆಗಾರರು ಇನ್ನೊಂದು ಹೇಳುತ್ತಾರೆ, ಪ್ರತಿ ತಿಂಗಳೂ ನಿಜವಾಗಿ ಸಂಬಳ ಹಾಕುವ ಸಹಾಯಕರು ಈ ಎರಡೂ ಅಲ್ಲದ ಮೂರನೆಯದನ್ನು ಮಾಡುತ್ತಿರುತ್ತಾರೆ. ಮೂವರನ್ನೂ ಒಂದೇ ಉತ್ತರಕ್ಕೆ ತಂದು, ಅದನ್ನು ಬರಹದಲ್ಲಿ ಪಡೆದು, ಯಾವ ಸಂದರ್ಭಕ್ಕೆ ಯಾವ ಕ್ರಮ ಎಂದು ಮನೆಮನೆಯಾಗಿ ತೋರಿಸುವ ಕೋಷ್ಟಕ, ಅಂದರೆ ಡಿಸಿಷನ್ ಟೇಬಲ್ ಆಗಿ ಬರೆದು ಪ್ರೋಗ್ರಾಮರ್‌ಗೆ ಒಪ್ಪಿಸುವುದೇ ಈ ಹುದ್ದೆ. ಟೇಬಲ್‌ನ ಗುಣವೆಂದರೆ ಖಾಲಿ ಬಿಟ್ಟ ಮನೆ ಕಣ್ಣಿಗೆ ಹೊಡೆಯುತ್ತದೆ. ಪುಟಗಟ್ಟಲೆ ಗದ್ಯದಲ್ಲಿ ಅದೇ ಲೋಪ ಅಡಗಿ ಕೂರುತ್ತದೆ.

ದರಗಳನ್ನೂ ಮಿತಿಗಳನ್ನೂ ಕೋಡ್ ಒಳಗೆ ಬರೆಯದೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಜಾರಿಯಲ್ಲಿದ್ದವು ಎಂಬುದರೊಂದಿಗೆ ಡೇಟಾಬೇಸ್‌ನಲ್ಲಿ ಇಡಬೇಕು ಎಂದು ಪಟ್ಟು ಹಿಡಿಯುವುದೂ ಅನಲಿಸ್ಟ್‌ನ ಪಾಲಿನ ಕೆಲಸವೇ. ಪ್ರೋಗ್ರಾಮಿಂಗ್ ಬಲ್ಲ ನಿಮಗೆ ಇದರ ಮಹತ್ವವನ್ನು ನಾನು ವಿವರಿಸಬೇಕಿಲ್ಲ.

ಪಿಂಪ್ರಿ ಪಥಿಕ

ಲೆಕ್ಕಿಗರ ಉದಾಹರಣೆ ಚೆನ್ನಾಗಿದೆ, ಆದರೆ ಅದರಿಂದ ಅವರು ತಲುಪುವ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆ ಪ್ರಶ್ನೆಗಳನ್ನು ಕೇಳಲೇಬೇಕು, ನಿಜ. ಅವುಗಳನ್ನು ಕೇಳಲು ಪ್ರೋಗ್ರಾಮರ್ ಅಲ್ಲದ ಮತ್ತೊಬ್ಬರು ಏಕೆ ಬೇಕು? ಬಳಕೆದಾರ ಹೇಳಿದ್ದನ್ನು ಅನಲಿಸ್ಟ್ ಬರೆದು, ಅನಲಿಸ್ಟ್ ಬರೆದದ್ದನ್ನು ಪ್ರೋಗ್ರಾಮರ್ ಓದಿ, ಪ್ರೋಗ್ರಾಮರ್ ಮಾಡಿದ್ದನ್ನು ಟೆಸ್ಟರ್ ಮತ್ತೆ ಆ ಬರಹದೊಂದಿಗೆ ಹೋಲಿಸುವ ಪದ್ಧತಿಯಲ್ಲಿ, ಪ್ರತಿ ಕೈ ಬದಲಾದಾಗಲೂ ಸ್ವಲ್ಪ ಅರ್ಥ ಸೋರಿಹೋಗುತ್ತದೆ. ನಾನು ಚಿಂಚವಡ್ ಕಡೆಯ ವಾಹನ ಬಿಡಿಭಾಗಗಳ ಕಾರ್ಖಾನೆಗಳಿಗೆ ಇ.ಆರ್.ಪಿ., ಅಂದರೆ ಖರೀದಿ, ದಾಸ್ತಾನು, ಲೆಕ್ಕ ಎಲ್ಲವನ್ನೂ ಒಂದೆಡೆ ನಿಭಾಯಿಸುವ ತಂತ್ರಾಂಶ ಅಳವಡಿಸುವ ಕೆಲಸದಲ್ಲಿದ್ದೇನೆ. ಇನ್ನೂರು ಪುಟದ ದಾಖಲೆಗೆ ಸಹಿ ಹಾಕಿದ ಸ್ಟೋರ್ಸ್ ಮ್ಯಾನೇಜರ್, ಮೊದಲ ಪರದೆಯನ್ನು ಕಂಡ ಕೂಡಲೇ ಇದು ನಾನು ಹೇಳಿದ್ದಲ್ಲ ಎನ್ನುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರು ಸುಳ್ಳು ಹೇಳುತ್ತಿಲ್ಲ. ಆ ದಾಖಲೆಯನ್ನು ಅವರು ಓದಿರಲಿಲ್ಲ, ಅಷ್ಟೇ.

2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಹದಿನೇಳು ಮಂದಿ ಸೇರಿ, ಬಳಕೆದಾರರ ಜೊತೆಗೂಡಿ ತಂತ್ರಾಂಶವನ್ನು ಸ್ವಲ್ಪಸ್ವಲ್ಪವಾಗಿ ಕಟ್ಟಬೇಕೆನ್ನುವ ಅಜೈಲ್ ಪ್ರಣಾಳಿಕೆಯನ್ನು ಬರೆದದ್ದೇ ಈ ಬೇಸರದಿಂದ. ಹಂತಹಂತವಾಗಿ ಇಳಿಯುವ ವಾಟರ್‌ಫಾಲ್ ಪದ್ಧತಿಗೆ ಮೂಲವೆಂದು ಎಲ್ಲರೂ ಬೊಟ್ಟು ಮಾಡುವ ವಿನ್‌ಸ್ಟನ್ ರಾಯ್ಸ್ ಅವರ 1970ರ ಲೇಖನವೂ, ಒಂದೇ ಬಾರಿಗೆ ಮೇಲಿನಿಂದ ಕೆಳಗೆ ಇಳಿಯುವ ಕ್ರಮ ಅಪಾಯಕಾರಿ ಎಂದೇ ಎಚ್ಚರಿಸಿತ್ತು. ಚೆನ್ನಾಗಿ ಕೋಡ್ ಬರೆಯಬಲ್ಲ ಒಬ್ಬರನ್ನು ಆ ಕೆಲಸದಿಂದ ಎಬ್ಬಿಸಿ ಮಧ್ಯವರ್ತಿಯ ಕುರ್ಚಿಯಲ್ಲಿ ಕೂರಿಸುವುದು ತಂಡಕ್ಕೂ ನಷ್ಟ, ಅವರಿಗೂ ನಷ್ಟ. ಕನ್ನಡತಿಯವರು ಇದ್ದಲ್ಲೇ ಇದ್ದು ಬಳಕೆದಾರರೊಂದಿಗೆ ನೇರವಾಗಿ ಮಾತಾಡುವ ಅವಕಾಶವನ್ನು ಕೇಳಿ ಪಡೆಯಲಿ ಎಂಬುದು ನನ್ನ ಸಲಹೆ.

ಮಾಟುಂಗಾ ಮಾವ

ನಿವೃತ್ತನ ಎರಡು ಮಾತು. ಪಥಿಕರು ಪ್ರಣಾಳಿಕೆಯ ಅರ್ಧವನ್ನು ಮಾತ್ರ ಹೇಳಿದ್ದಾರೆ. ದಾಖಲೆಗಿಂತ ಕೆಲಸ ಮಾಡುವ ತಂತ್ರಾಂಶಕ್ಕೆ ಹೆಚ್ಚಿನ ಬೆಲೆ ಎಂದ ಅದೇ ಹಾಳೆ, ದಾಖಲೆಗೂ ಬೆಲೆ ಇದೆ ಎಂದು ಕೊನೆಗೆ ಸ್ಪಷ್ಟವಾಗಿ ಒಪ್ಪುತ್ತದೆ.

ಈ ಹುದ್ದೆ ಎಲ್ಲಿಂದ ಬಂತು ಎಂಬುದನ್ನು ನೋಡಿದರೆ ಇಲ್ಲಿನ ವಾದಕ್ಕೆ ಉಪಯೋಗವಾದೀತು. ವ್ಯಾಪಾರದ ಲೆಕ್ಕಕ್ಕೆಂದು ಕಂಪ್ಯೂಟರನ್ನು ಮೊದಲು ನಿತ್ಯದ ಕೆಲಸಕ್ಕೆ ಹಚ್ಚಿದ್ದು ಯಂತ್ರ ತಯಾರಿಸುವ ಕಂಪನಿಯಲ್ಲ, ಇಂಗ್ಲೆಂಡಿನ ಜೆ. ಲಯನ್ಸ್ ಎಂಬ ಚಹಾದಂಗಡಿಗಳ ಕಂಪನಿ. ಹೋಟೆಲ್ ಉದ್ಯಮದಲ್ಲಿರುವ ನಮ್ಮ ಉಡುಪಿ ಕಡೆಯವರಿಗೆ ಇದು ಹಿಡಿಸಬಹುದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್ಸ್ಯಾಕ್ ಯಂತ್ರವನ್ನು ಅನುಸರಿಸಿ ಅವರು ಕಟ್ಟಿಸಿದ ಲಿಯೋ ಕಂಪ್ಯೂಟರ್ 1951ರಲ್ಲಿ ಬೇಕರಿಯ ಲೆಕ್ಕವನ್ನು ಹಾಕತೊಡಗಿತು. ಯಂತ್ರಕ್ಕೆ ಯಾವ ಕೆಲಸ ಕೊಡಬೇಕು, ಹೇಗೆ ಒಡೆದು ಕೊಡಬೇಕು ಎಂದು ನಿರ್ಧರಿಸಿದ ಡೇವಿಡ್ ಕ್ಯಾಮಿನರ್ ಅವರನ್ನು ಮೊದಲ ಸಿಸ್ಟಮ್ಸ್ ಅನಲಿಸ್ಟ್ ಎಂದು ಅನೇಕರು ಕರೆಯುತ್ತಾರೆ. ಅವರು ಬಂದದ್ದು ಕಂಪನಿಯ ಕಚೇರಿ ಪದ್ಧತಿಗಳನ್ನು ಪರಿಶೀಲಿಸುವ ವಿಭಾಗದಿಂದ. ಅಂದರೆ ಯಂತ್ರ ಬರುವ ಮೊದಲೇ ಆ ಕೆಲಸ ಅಲ್ಲಿ ನಡೆಯುತ್ತಿತ್ತು.

ನಾನು ಫೋರ್ಟ್‌ನಲ್ಲಿ ಒಂದು ಬ್ಯಾಂಕಿನ ಇ.ಡಿ.ಪಿ. (ಕಂಪ್ಯೂಟರ್) ವಿಭಾಗಕ್ಕೆ ಸೇರಿದ ಕಾಲಕ್ಕೆ, ಬ್ಯಾಂಕುಗಳ ಯಾಂತ್ರೀಕರಣ ಕುರಿತ 1984ರ ರಂಗರಾಜನ್ ಸಮಿತಿಯ ವರದಿಯ ತರುವಾಯ, ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬರುತ್ತಿದ್ದವು. ಕೋಬಾಲ್ ಭಾಷೆಯಲ್ಲಿ ಕೋಡ್ ಬರೆಯುವ ಪ್ರೋಗ್ರಾಮರ್‌ಗೆ ಬಡ್ತಿ ಕೊಟ್ಟರೆ ಅವನು ಅನಲಿಸ್ಟ್ ಆಗುತ್ತಿದ್ದ. ಕುರ್ಚಿ ಬದಲಾಗುವುದು ನಷ್ಟ ಎಂದು ಯಾರಿಗೂ ಅನಿಸುತ್ತಿರಲಿಲ್ಲ. ಆಗಿನ ಕಷ್ಟ ಬೇರೆಯದೇ ಆಗಿತ್ತು. ಲೆಡ್ಜರ್ ಬರೆಯುವ ಗುಮಾಸ್ತರಿಗೆ ಯಂತ್ರ ಬಂದರೆ ತಮ್ಮ ಕೆಲಸ ಹೋಗುತ್ತದೆ ಎಂಬ ಭಯ. ಯೂನಿಯನ್‌ಗಳ ವಿರೋಧವೂ ಜೋರಾಗಿತ್ತು. ಕೇಳಿದ ಪ್ರಶ್ನೆಗೆ ಗುಮಾಸ್ತರು ಕೈಪಿಡಿಯಲ್ಲಿದ್ದ ಉತ್ತರವನ್ನಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಕೈಪಿಡಿಯಲ್ಲಿ ಇಲ್ಲದ್ದು, ಉದಾಹರಣೆಗೆ ಯಾವ ಖಾತೆದಾರರ ಚೆಕ್ಕನ್ನು ಹಣ ಸಾಲದಿದ್ದರೂ ಮಧ್ಯಾಹ್ನದವರೆಗೆ ಕೈಯಲ್ಲಿ ಹಿಡಿದಿಟ್ಟುಕೊಂಡು ಫೋನ್ ಮಾಡುತ್ತಾರೆ ಎಂಬಂಥದ್ದು, ಅವರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತವನಿಗೆ ಮಾತ್ರ ತಿಳಿಯುತ್ತಿತ್ತು. ಬಳಕೆದಾರ ತನಗೆ ಬೇಕಾದ್ದನ್ನು ನೇರವಾಗಿ ಹೇಳುತ್ತಾನೆ, ಪ್ರೋಗ್ರಾಮರ್ ಕೇಳಿಸಿಕೊಂಡರೆ ಸಾಕು ಎಂಬ ಪಥಿಕರ ನಂಬಿಕೆಯ ಬಗ್ಗೆ ನನ್ನ ಆಕ್ಷೇಪ ಇಷ್ಟೇ: ಅವನು ಹೇಳುವುದಿಲ್ಲ. ಕೆಲವೊಮ್ಮೆ ಹೇಳಲು ಇಷ್ಟವಿರುವುದಿಲ್ಲ. ಹೆಚ್ಚಿನ ಸಲ ಅದು ಹೇಳಬೇಕಾದ ವಿಷಯ ಎಂದೇ ಅವನಿಗೆ ಹೊಳೆಯುವುದಿಲ್ಲ.

ಕುರ್ಲಾ ನಿವಾಸಿ

ಮಾವನವರ ಮಾತಿಗೆ ನನ್ನ ಕಾಲದ ಒಂದು ಉದಾಹರಣೆ ಸೇರಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು ವಿಲೀನವಾದದ್ದು ಇಲ್ಲಿ ಎಲ್ಲರಿಗೂ ನೆನಪಿರುತ್ತದೆ: 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ದೇನಾ ಬ್ಯಾಂಕಿನೊಡನೆ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾಕ್ಕೆ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಭಾವನೆಯ ಮಾತು ಇಲ್ಲಿ ಬೇಡ. ವಿಲೀನದ ಕೆಲಸದಲ್ಲಿ ಅನಲಿಸ್ಟ್ ಆಗಿದ್ದವನಾಗಿ, ಯಾವ ಬ್ಯಾಂಕು ಎಂದು ಹೇಳದೆ, ಕೆಲಸದ ಸ್ವರೂಪವನ್ನಷ್ಟೇ ವಿವರಿಸುತ್ತೇನೆ.

ಹೊರಗಿನವರಿಗೆ ಇದು ಡೇಟಾವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸದಂತೆ ಕಾಣುತ್ತದೆ. ಖಾತೆ ಸಂಖ್ಯೆಯ ಉದ್ದ ಬೇರೆ, ಉಳಿತಾಯ ಖಾತೆಯ ಬಗೆಗಳು ಬೇರೆ, ಶಾಖೆಯ ಸಂಕೇತಗಳು ಬೇರೆ. ಹಳೆಯದಕ್ಕೆ ಹೊಸದನ್ನು ಹೊಂದಿಸುವ ಮ್ಯಾಪಿಂಗ್ ಹಾಳೆಗಳನ್ನು ಮಾಡಿದರೆ ಅಷ್ಟೂ ಮುಗಿಯುತ್ತದೆ ಎಂದು ಯೋಜನೆಯ ಆರಂಭದಲ್ಲಿ ಎಲ್ಲರೂ ನಂಬಿರುತ್ತಾರೆ. ಆದರೆ ಗ್ರಾಹಕ ಎಂಬ ಒಬ್ಬ ಮನುಷ್ಯ ಎರಡೂ ಬ್ಯಾಂಕುಗಳಲ್ಲಿ ಇದ್ದಾನೆ ಎಂದುಕೊಳ್ಳಿ. ಮುಂಬಯಿಯ ನಮ್ಮವರಲ್ಲಿ ಇಂಥವರು ಬಹಳ, ಊರಿನ ಶಾಖೆಯಲ್ಲೊಂದು, ಇಲ್ಲಿ ಒಂದು. 2020ರಲ್ಲಿದ್ದ ನಿಯಮದಂತೆ ಒಂದು ಬ್ಯಾಂಕಿನಿಂದ ವರ್ಷಕ್ಕೆ 40,000 ರೂಪಾಯಿ ಮೀರಿ ಠೇವಣಿಯ ಬಡ್ಡಿ ಬಂದರೆ ಮೂಲದಲ್ಲೇ ತೆರಿಗೆ ಮುರಿದುಕೊಳ್ಳಬೇಕು, ಹಿರಿಯ ನಾಗರಿಕರಾದರೆ ಮಿತಿ 50,000. ಒಬ್ಬನಿಗೆ ಎರಡು ಬ್ಯಾಂಕುಗಳಿಂದಲೂ ತಲಾ 28,000 ಬಡ್ಡಿ ಬರುತ್ತಿತ್ತು. ಎರಡರಲ್ಲೂ ತೆರಿಗೆ ಮುರಿಯುತ್ತಿರಲಿಲ್ಲ. ವಿಲೀನದ ದಿನದಿಂದ ಅದು ಒಂದೇ ಬ್ಯಾಂಕಿನ 56,000. ಅವನು ಒಂದು ರೂಪಾಯಿಯನ್ನೂ ಹೆಚ್ಚು ಇಟ್ಟಿಲ್ಲ, ಆದರೂ ಮುರಿಯಬೇಕು.

ಇದಿನ್ನೂ ಸುಲಭದ ಭಾಗ. ಕಾನೂನಿನ ಪ್ರಕಾರ ಬ್ಯಾಂಕು ಏಪ್ರಿಲ್ 1ಕ್ಕೇ ಒಂದಾಯಿತು. ಎರಡು ಕಂಪ್ಯೂಟರ್ ವ್ಯವಸ್ಥೆಗಳು ಒಂದಾಗುವುದು ಮಾತ್ರ ತಿಂಗಳುಗಳ ಕೆಲಸ. ಈ ನಡುವಿನ ಕಾಲದಲ್ಲಿ ಒಂದೇ ಪ್ಯಾನ್ ಸಂಖ್ಯೆಯ ಬಡ್ಡಿಯನ್ನು ಎರಡು ವ್ಯವಸ್ಥೆಗಳಿಂದ ತಂದು ಕೂಡಿಸುವವರು ಯಾರು, ದಿನಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ, ಹೆಸರಿನ ಕಾಗುಣಿತ ಬೇರೆ ಇದ್ದು ಪ್ಯಾನ್ ಒಂದೇ ಆಗಿದ್ದರೆ ಏನು, ತೆರಿಗೆ ಮುರಿಯಬೇಡಿ ಎಂದು 15ಜಿ ಫಾರಂ ಅನ್ನು ಒಂದು ಶಾಖೆಗೆ ಮಾತ್ರ ಕೊಟ್ಟಿದ್ದರೆ ಅದು ಇನ್ನೊಂದಕ್ಕೂ ಅನ್ವಯವೇ ಎಂಬ ಪ್ರಶ್ನೆಗಳು ಯಾರ ದಾಖಲೆಯಲ್ಲೂ ಇರುವುದಿಲ್ಲ. ಡೇಟಾ ಸಾಗಿಸುವ ತಂಡ ಇದು ತೆರಿಗೆ ವಿಭಾಗದ್ದು ಎನ್ನುತ್ತದೆ, ತೆರಿಗೆ ವಿಭಾಗ ಇದು ಐ.ಟಿ.ಯವರದ್ದು ಎನ್ನುತ್ತದೆ. ಯಾರಿಗೂ ಸೇರದ ಈ ಪ್ರಶ್ನೆಗಳನ್ನು ತನ್ನದೆಂದು ಎತ್ತಿಕೊಳ್ಳುವ ಒಬ್ಬರು ಬೇಕು. ಪಥಿಕರ ಕಾರ್ಖಾನೆಯಲ್ಲಿ ಸ್ಟೋರ್ಸ್ ಮ್ಯಾನೇಜರ್ ಎಂಬ ಒಬ್ಬ ಬಳಕೆದಾರ ಇದ್ದಾರೆ, ಅವರೊಡನೆ ಪ್ರೋಗ್ರಾಮರ್ ನೇರ ಮಾತಾಡಬಹುದು. ಇಲ್ಲಿ ಮಾತಾಡಬೇಕಾದವರು ಹತ್ತಾರು ವಿಭಾಗಗಳಲ್ಲಿ ಹಂಚಿಹೋಗಿದ್ದಾರೆ, ಅವರವರಲ್ಲೇ ಒಮ್ಮತವಿಲ್ಲ.

ಕನ್ನಡತಿಯವರೇ, ಇದು ನಿಮ್ಮ ತಂತ್ರಾಂಶಕ್ಕೂ ತಟ್ಟಿರುತ್ತದೆ. ಐ.ಎಫ್.ಎಸ್.ಸಿ. ಸಂಕೇತದಲ್ಲಿ ಹನ್ನೊಂದು ಅಕ್ಷರಗಳು. ಮೊದಲ ನಾಲ್ಕು ಬ್ಯಾಂಕಿನವು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯವು. ಎಸ್‌ವೈಎನ್‌ಬಿ ಎಂದು ಆರಂಭವಾಗುತ್ತಿದ್ದ ಸಿಂಡಿಕೇಟ್ ಸಂಕೇತಗಳು 2021ರ ಜೂನ್ 30ರವರೆಗೆ ನಡೆದು, ಮರುದಿನದಿಂದ ಸಿಎನ್‌ಆರ್‌ಬಿ ಎಂದಾದವು. ಸಂಬಳ ಹಾಕುವ ಕಂಪನಿಗಳು ನೌಕರರಿಂದ ಹೊಸ ಸಂಕೇತವನ್ನು ಕೇಳಿ ಪಡೆಯಬೇಕೇ, ಬ್ಯಾಂಕು ಕೊಟ್ಟ ಪಟ್ಟಿಯಿಂದ ತಾವೇ ಬದಲಿಸಬೇಕೇ, ಬದಲಿಸಿದರೆ ಹಳೆಯ ಸಂಬಳ ಚೀಟಿಗಳಲ್ಲಿ ಯಾವುದು ಕಾಣಬೇಕು? ನಿಮ್ಮ ತಂಡದಲ್ಲಿ ಆಗ ಇದನ್ನು ನಿರ್ಧರಿಸಿದವರು ಯಾರು ಎಂದು ವಿಚಾರಿಸಿ ನೋಡಿ. ಆ ವ್ಯಕ್ತಿಯ ಹುದ್ದೆಯ ಹೆಸರು ಏನೇ ಇರಲಿ, ಅನಲಿಸ್ಟ್ ಕೆಲಸ ಮಾಡಿದವರು ಅವರೇ.

ವಾಸ್ಕೋ ವಾಚಕ

ಗೋವೆಯಿಂದಲೂ ಒಂದು ಮಾತು. ಮುಂಬಯಿಯ ಒಂದು ಸಂಸ್ಥೆಗಾಗಿ ಮನೆಯಿಂದಲೇ ಆದಾಯ ತೆರಿಗೆ ತಂತ್ರಾಂಶದ ಕೆಲಸ ಮಾಡುತ್ತೇನೆ. ಬ್ಯಾಂಕ್ ಬಡ್ಡಿ ಎಂಬುದು ಯಾರ ಪ್ಯಾನ್ ಸಂಖ್ಯೆಗೆ ಸೇರಿದೆಯೋ ಅವರದೇ ಆದಾಯ ಎಂಬುದನ್ನು ದೇಶದ ಯಾವ ಪ್ರೋಗ್ರಾಮರ್ ಕೂಡ ಪ್ರಶ್ನಿಸುವುದಿಲ್ಲ, ಡೇಟಾಬೇಸ್ ಆ ನಂಬಿಕೆಯ ಮೇಲೆಯೇ ಕಟ್ಟಿರುತ್ತದೆ. ಗೋವೆಯಲ್ಲಿ ಇಂದಿಗೂ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕೌಟುಂಬಿಕ ಆಸ್ತಿ ಪದ್ಧತಿ ಇದೆ. ಅದಕ್ಕೆ ಒಳಪಟ್ಟ ದಂಪತಿಗಳ ಬಡ್ಡಿ, ಬಾಡಿಗೆ, ವ್ಯಾಪಾರದ ಲಾಭ ಇವನ್ನು ಆದಾಯ ತೆರಿಗೆ ಕಾನೂನು (1961ರ ಕಾಯ್ದೆಯಲ್ಲಿ 5ಎ ಕಲಮು) ಗಂಡಹೆಂಡಿರ ನಡುವೆ ಸರಿಸಮವಾಗಿ ಹಂಚುತ್ತದೆ. ಸಂಬಳ ಮಾತ್ರ ದುಡಿದವರದ್ದೇ. ಆ ಕಾಯ್ದೆಯ ರಿಟರ್ನ್ ಫಾರಂಗಳಲ್ಲಿ ಇದಕ್ಕೆಂದೇ ಷೆಡ್ಯೂಲ್ 5ಎ ಎಂಬ ಕೋಷ್ಟಕವಿದೆ.

ನಾನು ಕಂಡ ಒಂದು ತಂತ್ರಾಂಶದಲ್ಲಿ, ಅದರ ತಯಾರಕರ ಹೆಸರು ಬೇಡ, ವಿಳಾಸದಲ್ಲಿ ಗೋವಾ ಎಂದಿದ್ದರೆ ಸಾಕು, ಆದಾಯವನ್ನು ಎರಡು ಪಾಲು ಮಾಡಿಬಿಡುತ್ತಿತ್ತು. ನಿಯಮ ಗೊತ್ತಿತ್ತು, ಅದು ಯಾರಿಗೆ ಎಂಬುದನ್ನು ಯಾರೂ ಕೇಳಿರಲಿಲ್ಲ. ಗದಗಿನಿಂದಲೋ ವಿಜಯಪುರದಿಂದಲೋ ಕೆಲಸಕ್ಕೆಂದು ಬಂದು ವಾಸ್ಕೋದಲ್ಲಿ ಮನೆ ಮಾಡಿಕೊಂಡ ಮಾತ್ರಕ್ಕೆ ಆ ಸಂಹಿತೆ ನಮಗೆ ಅನ್ವಯಿಸುವುದಿಲ್ಲ. ಆದ್ದರಿಂದ ಪಿನ್‌ಕೋಡ್ ನೋಡಿ ತೀರ್ಮಾನಿಸುವ ವಿಷಯ ಇದಲ್ಲ, ಬಳಕೆದಾರರನ್ನೇ ಕೇಳಬೇಕಾದದ್ದು. ಪರದೆಯ ಮೇಲೆ ಒಂದು ಪ್ರಶ್ನೆ ಹೆಚ್ಚಾಯಿತು, ಅಷ್ಟೇ. ಆ ಒಂದು ಪ್ರಶ್ನೆ ಬೇಕೆಂದು ಕಂಡುಕೊಳ್ಳಲು ಇಲ್ಲಿನ ಒಬ್ಬ ತೆರಿಗೆ ಸಲಹೆಗಾರರ ಎದುರು ಅರ್ಧ ದಿನ ಕೂರಬೇಕಾಗುತ್ತದೆ.

ಕೋಥ್ರೂಡ್ ಕನ್ನಡತಿ

ಇಷ್ಟು ವಿವರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಐ.ಎಫ್.ಎಸ್.ಸಿ. ವಿಷಯವನ್ನು ವಿಚಾರಿಸಿದೆ, ಅಂದು ನಿರ್ಧರಿಸಿದವರು ಈಗ ಕಂಪನಿ ಬಿಟ್ಟಿರುವ ಅನಲಿಸ್ಟ್ ಅವರೇ, ಅವರ ಜಾಗಕ್ಕೇ ನನ್ನನ್ನು ಕೇಳುತ್ತಿರುವುದು.

ಇನ್ನೊಂದು ಪ್ರಶ್ನೆ ಇದೆ. ಮೀಟಿಂಗ್‌ನ ಧ್ವನಿಮುದ್ರಣ ಕೊಟ್ಟರೆ ರಿಕ್ವೈರ್‌ಮೆಂಟ್ ದಾಖಲೆಯನ್ನೂ (ಬೇಡಿಕೆಗಳ ಪಟ್ಟಿ) ಯೂಸರ್ ಸ್ಟೋರಿಗಳನ್ನೂ (ಬಳಕೆದಾರನಿಗೆ ಏನು ಬೇಕು, ಏಕೆ ಎಂಬ ಚಿಕ್ಕ ಟಿಪ್ಪಣಿಗಳು) ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ನಮ್ಮ ಕಚೇರಿಗೂ ಬಂದಿವೆ. ಹೀಗಿರುವಾಗ ಈ ಹುದ್ದೆ ಉಳಿಯುವುದೇ? ಮತ್ತು ನಾನು ಹೊಸದಾಗಿ ಏನನ್ನು ಕಲಿಯಬೇಕು?

ಠಾಣೆಯ ಲೆಕ್ಕಿಗ

ಆ ಸಾಧನಗಳನ್ನು ನಾನೂ ಬಳಸುತ್ತೇನೆ. ಅವುಗಳ ಬರಹ ಓರಣವಾಗಿರುತ್ತದೆ, ನನ್ನ ಬರಹಕ್ಕಿಂತ ಓರಣ. ಅಪಾಯ ಇರುವುದೂ ಅಲ್ಲೇ. ನಾನು ಮೊದಲು ಹೇಳಿದ ಡಿಸಿಷನ್ ಟೇಬಲ್‌ನಲ್ಲಿ ಗೊತ್ತಿಲ್ಲದ ಮನೆಯನ್ನು ನಾನು ಖಾಲಿ ಬಿಡುತ್ತೇನೆ. ಸಾಧನ ಎಷ್ಟೋ ಸಲ ಅದನ್ನು ನಂಬುವಂಥ ಒಂದು ನಿಯಮದಿಂದ ತುಂಬಿಬಿಡುತ್ತದೆ. ಬಾಕಿ ಸಂಬಳವನ್ನು ಕೊಟ್ಟ ತಿಂಗಳಿಗೇ ಸೇರಿಸತಕ್ಕದ್ದು ಎಂದು ಅದು ಬರೆದರೆ, ಯಾರೂ ಹಾಗೆ ಹೇಳಿರಲಿಲ್ಲ ಎಂಬುದು ಸಹಿ ಹಾಕುವವರಿಗೆ ಹೊಳೆಯುವುದಿಲ್ಲ. ಮೀಟಿಂಗ್‌ನಲ್ಲಿ ಆಡದೆ ಉಳಿದ ಮಾತು ಧ್ವನಿಮುದ್ರಣದಲ್ಲಿ ಇರುವುದಿಲ್ಲ ತಾನೇ? ಬದಲಿಗೆ, ನಾನೇ ಬರೆದ ದಾಖಲೆಯನ್ನು ಅದಕ್ಕೆ ಕೊಟ್ಟು ಎಲ್ಲೆಲ್ಲಿ ಎರಡರ್ಥ ಬರುತ್ತದೆ ಎಂದು ಕೇಳಿದರೆ ಬಹಳ ಉಪಯೋಗವಿದೆ. ಗ್ರಾಹಕರ ನೌಕರರ ನಿಜವಾದ ಸಂಬಳ, ಪ್ಯಾನ್, ಖಾತೆ ಸಂಖ್ಯೆಗಳನ್ನು ಮಾತ್ರ ಹೊರಗಿನ ಯಾವ ಸಾಧನಕ್ಕೂ ಹಾಕಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಹಾಗಿರಲಿ, ಗ್ರಾಹಕರೊಂದಿಗಿನ ಒಪ್ಪಂದವೇ ಅದನ್ನು ಬಿಡುವುದಿಲ್ಲ.

ಕಲಿಯುವ ವಿಷಯಕ್ಕೆ ಬಂದರೆ, ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ) ನಿಮಗೆ ಬರುತ್ತದೆ ಎಂದುಕೊಳ್ಳುತ್ತೇನೆ; ಬರದಿದ್ದರೆ ಮೊದಲು ಅದು. ಬಳಕೆದಾರರು ಹೀಗೆ ಎಂದೂ ಆಗುವುದಿಲ್ಲ ಎಂದಾಗ, ಕಳೆದ ಮೂರು ವರ್ಷಗಳ ಡೇಟಾದಲ್ಲಿ ಎಷ್ಟು ಸಲ ಆಗಿದೆ ಎಂದು ನೀವೇ ತೆಗೆದು ತೋರಿಸಬೇಕಾಗುತ್ತದೆ. ಪೀಟರ್ ಚೆನ್ 1976ರಲ್ಲಿ ಮುಂದಿಟ್ಟ, ಡೇಟಾದ ಘಟಕಗಳ ನಡುವಿನ ಸಂಬಂಧವನ್ನು ಬಿಡಿಸಿ ತೋರಿಸುವ ಇ.ಆರ್. ಚಿತ್ರಪದ್ಧತಿ ಇಂದಿಗೂ ಹಳತಾಗಿಲ್ಲ. ಒಬ್ಬ ನೌಕರನಿಗೆ ಎಷ್ಟು ಹುದ್ದೆ, ಒಂದು ಹುದ್ದೆಗೆ ಎಷ್ಟು ನೌಕರರು ಎಂಬ ಗೆರೆಯನ್ನು ಎಳೆಯುವಾಗಲೇ ಅರ್ಧ ಪ್ರಶ್ನೆಗಳು ಎದ್ದು ನಿಲ್ಲುತ್ತವೆ. ಬಿಸಿನೆಸ್ ಅನಲಿಸ್ಟ್‌ಗಳ ಅಂತಾರಾಷ್ಟ್ರೀಯ ಸಂಸ್ಥೆಯಾದ ಐ.ಐ.ಬಿ.ಎ.ಯ ಪ್ರಮಾಣಪತ್ರಗಳು ಕೆಲಸ ಬದಲಿಸುವಾಗ ಬಯೋಡೇಟಾಕ್ಕೆ ಅನುಕೂಲ, ಅದಕ್ಕಿಂತ ಹೆಚ್ಚಿನ ಬೆಲೆಯನ್ನು ನಾನು ಕೊಡುವುದಿಲ್ಲ. ಆ ಹಣದಲ್ಲಿ ಕಾರ್ಮಿಕ ಕಾನೂನು, ಭವಿಷ್ಯ ನಿಧಿ, ತೆರಿಗೆ ಇವುಗಳ ಅಧಿಸೂಚನೆಗಳನ್ನು ಮೂಲದಲ್ಲೇ ಓದುವ ಅಭ್ಯಾಸ ಮಾಡಿಕೊಳ್ಳಿ.

ಪಿಂಪ್ರಿ ಪಥಿಕ

ಕುರ್ಲಾದವರ ವಿಲೀನದ ಉದಾಹರಣೆಯ ಮುಂದೆ ನನ್ನ ಸ್ಟೋರ್ಸ್ ಮ್ಯಾನೇಜರ್ ಉದಾಹರಣೆ ಚಿಕ್ಕದು ಎಂದು ಒಪ್ಪುತ್ತೇನೆ. ಹತ್ತು ವಿಭಾಗಗಳಿಗೆ ಹರಡಿದ ಪ್ರಶ್ನೆಗೆ ಪ್ರತ್ಯೇಕ ವ್ಯಕ್ತಿ ಬೇಕು. ಆದರೆ ಒಂದು ಷರತ್ತನ್ನು ಬಿಡಲಾರೆ: ಆ ವ್ಯಕ್ತಿ ಬಳಕೆದಾರರಿಗೂ ಪ್ರೋಗ್ರಾಮರ್‌ಗೂ ನಡುವೆ ಗೋಡೆಯಾಗಿ ನಿಲ್ಲಬಾರದು. ಮುಖ್ಯವಾದ ಚರ್ಚೆಗೆ ಪ್ರೋಗ್ರಾಮರ್ ಕೂಡ ಬರಬೇಕು, ಬರೆದ ದಾಖಲೆ ಆ ಚರ್ಚೆಯ ನೆನಪಿಗೆ ಇರಬೇಕೇ ಹೊರತು ಚರ್ಚೆಯ ಬದಲಿಗಲ್ಲ. ಕೋಡ್ ಬರೆಯುವುದನ್ನು ಯಂತ್ರಗಳು ಹಂಚಿಕೊಳ್ಳುತ್ತಿರುವ ಈ ದಿನಗಳಲ್ಲಿ, ಏನನ್ನು ಬರೆಯಬೇಕು ಎಂದು ಖಚಿತವಾಗಿ ಹೇಳಬಲ್ಲವರಿಗೆ ಕೆಲಸ ಕಡಿಮೆಯಾಗದು ಎಂಬುದೂ ನಿಜವೇ.

ಮಾಟುಂಗಾ ಮಾವ

ಕನ್ನಡತಿ ತಂಗೀ, ಒಂದು ವಿಷಯವನ್ನು ಯಾರೂ ಹೇಳಲಿಲ್ಲ. ನೀನು ಬೆಳಗಾವಿಯವಳು, ಮರಾಠಿ ಬರುತ್ತದೆ. ಪುಣೆಯ ಕಂಪನಿಗಳ ಅಕೌಂಟ್ಸ್ ವಿಭಾಗದಲ್ಲಿ ಮೀಟಿಂಗ್ ಇಂಗ್ಲಿಷಿನಲ್ಲಿ ನಡೆದರೂ, ಮೀಟಿಂಗ್ ಮುಗಿದು ಚಹಾಕ್ಕೆ ಎದ್ದಾಗ ಮರಾಠಿಯಲ್ಲಿ ಆಡುವ ಮಾತಿನಲ್ಲೇ ನಿಜವಾದ ನಿಯಮಗಳು ಹೊರಬರುತ್ತವೆ. ಅಲ್ಲಿಗೆ ಹೋಗುವುದನ್ನು ತಪ್ಪಿಸಬೇಡ.

ಇನ್ನೊಂದು: ಅವರ ಮೇಜನ್ನು ನೋಡು. ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಗಳು, ಡ್ರಾಯರಿನಲ್ಲಿರುವ ಉದ್ದ ನೋಟ್‌ಬುಕ್, ಅಧಿಕೃತ ತಂತ್ರಾಂಶದ ಪಕ್ಕದಲ್ಲೇ ಸದಾ ತೆರೆದಿರುವ ಸ್ವಂತದ ಎಕ್ಸೆಲ್ ಫೈಲು. ಆ ಫೈಲನ್ನು ಯಾರೂ ತಾವಾಗಿ ತೋರಿಸುವುದಿಲ್ಲ, ಏಕೆಂದರೆ ಅದು ಇರಕೂಡದು ಎಂದು ಅವರ ಬಾಸ್ ಹೇಳಿರುತ್ತಾನೆ. ತಂತ್ರಾಂಶ ಮಾಡದೆ ಬಿಟ್ಟ ಕೆಲಸವೆಲ್ಲ ಅದರಲ್ಲಿರುತ್ತದೆ. ತೋರಿಸಿದವರ ಹೆಸರನ್ನು ವರದಿಯಲ್ಲಿ ಬರೆಯದಿದ್ದರೆ, ಮುಂದಿನ ಸಲ ಇನ್ನೊಬ್ಬರು ತಾವಾಗಿಯೇ ಕರೆದು ತೋರಿಸುತ್ತಾರೆ.

ಕೋಥ್ರೂಡ್ ಕನ್ನಡತಿ

ಮಾವ, ನಿಮ್ಮ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. ಹುದ್ದೆಯನ್ನು ಒಪ್ಪಿಕೊಳ್ಳುವ ಕಡೆಗೆ ಮನಸ್ಸು ವಾಲಿದೆ. ಪಥಿಕ ಅವರ ಷರತ್ತಿನೊಂದಿಗೆ ನನ್ನದೂ ಒಂದನ್ನು ಸೇರಿಸಿ ಮ್ಯಾನೇಜರ್ ಮುಂದಿಡಬೇಕೆಂದಿದ್ದೇನೆ: ಕೋಡ್ ಇರುವ ರೆಪಾಸಿಟರಿಯನ್ನು ಓದುವ ಅನುಮತಿ ನನಗೆ ಮುಂದೆಯೂ ಇರಬೇಕು. ದಾಖಲೆ ಒಂದು ಹೇಳಿ ಕೋಡ್ ಇನ್ನೊಂದು ಮಾಡುತ್ತಿದ್ದರೆ ನಾನೇ ನೋಡಿ ತಿಳಿಯಬಹುದು. ಕೈ ತಪ್ಪಿಹೋಗುವುದೆಂಬ ಭಯವೂ ಸ್ವಲ್ಪ ಕಡಿಮೆಯಾಗುತ್ತದೆ. ಬೇರೆ ಏನನ್ನಾದರೂ ಕೇಳಬೇಕೇ?

ಕುರ್ಲಾ ನಿವಾಸಿ

ಕೇಳಬೇಕು. ಗ್ರಾಹಕರು ಪರೀಕ್ಷಿಸಿ ನೋಡುವ ಯು.ಎ.ಟಿ. ಹಂತದಲ್ಲಿ ನೀವು ಹಾಜರಿರುವಿರೋ ಇಲ್ಲವೋ ಎಂಬುದನ್ನು ಈಗಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಅನೇಕ ಕಂಪನಿಗಳಲ್ಲಿ ಅನಲಿಸ್ಟ್ ದಾಖಲೆಗೆ ಸೈನ್ ಆಫ್ ಸಿಕ್ಕ ಕೂಡಲೇ ಅವರನ್ನು ಮುಂದಿನ ಪ್ರಾಜೆಕ್ಟಿಗೆ ಎಳೆದುಕೊಳ್ಳುತ್ತಾರೆ, ಯು.ಎ.ಟಿ.ಯಲ್ಲಿ ಎದ್ದ ತಕರಾರು ದೋಷವೋ, ಹಣ ಕೊಟ್ಟು ಮಾಡಿಸಬೇಕಾದ ಚೇಂಜ್ ರಿಕ್ವೆಸ್ಟೋ ಎಂಬ ಜಗಳ ಆಮೇಲೆ ನಿಮ್ಮ ದಾಖಲೆಯ ಒಂದು ವಾಕ್ಯದ ಮೇಲೆ ನಡೆಯುತ್ತದೆ, ನೀವು ಮಾತ್ರ ಅಲ್ಲಿರುವುದಿಲ್ಲ. ಹಾಗೆಯೇ, ನಿಮಗಿಂತ ಹಿಂದಿದ್ದವರು ಕಂಪನಿ ಬಿಟ್ಟಿರುವುದರಿಂದ, ಅವರು ಗ್ರಾಹಕರಿಂದ ಇಮೇಲ್‌ನಲ್ಲಿ ಪಡೆದ ಒಪ್ಪಿಗೆಗಳು ಎಲ್ಲಿವೆ ಎಂದು ಸೇರುವ ಮೊದಲೇ ಕೇಳಿ. ನಮ್ಮ ದೇಶದ ಕಚೇರಿಗಳಲ್ಲಿ ನೌಕರ ಹೋದ ಕೆಲವೇ ದಿನಗಳಲ್ಲಿ ಅವರ ಮೇಲ್‌ಬಾಕ್ಸ್ ಅಳಿಸಿಹೋಗುವುದುಂಟು. ಇನ್ನೂ ಇದ್ದರೆ ಈ ವಾರವೇ ಐ.ಟಿ. ವಿಭಾಗಕ್ಕೆ ಟಿಕೆಟ್ ಹಾಕಿ ಪ್ರತಿ ತೆಗೆಸಿಕೊಳ್ಳಿ.